ಕಾಗದ ರದ್ದಿಯಾದರೆ ದುಡಿಮೆಯೂ ರದ್ದಿ



ಹೋದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಮಾತು ಎದ್ದಿತು. ನಮ್ಮ ಸಂಘದ ಖೋಲಿ ಇರುವ ಹಳೆಯ ಚಾಳನ್ನು ಕೆಡವಿ ಹೊಸದು ಕಟ್ಟುವವರಿದ್ದಾರೆ. ಖೋಲಿ ಖಾಲಿ ಮಾಡಬೇಕಾಗಿದೆ. ಕಪಾಟಿನ ಮೇಲಿರುವ ತಗಡಿನ ಪೇಟಿಯನ್ನು ಏನು ಮಾಡುವುದು? ಹಿರಿಯರೊಬ್ಬರು ಥಟ್ಟನೆ ಹೇಳಿದರು: "ರದ್ದಿಯವನನ್ನು ಕರೆಯಿರಿ. ಟಿ.ವಿ. ಸೀರಿಯಲ್ ಬರೆಯುವವನ ಕಾಗದ, ಅದನ್ನೇನು ಪೂಜೆ ಮಾಡಬೇಕೆ?" ನಾಲ್ಕು ಮಂದಿ ನಕ್ಕರು. ಅಷ್ಟರಲ್ಲಿ ಚಹಾ ಬಂತು, ವಿಷಯ ಮುಂದಿನ ಸಭೆಗೆ ಹೋಯಿತು. ಆ ಚಹಾ ತಂದವನಿಗೆ ನಾವು ಋಣಿಗಳು. ಮುಂದಿನ ಸಭೆ ಸೇರುವ ಮೊದಲು ಈ ವಿಷಯದಲ್ಲಿ ನಾಲ್ಕು ಮಾತು ಹೇಳದಿದ್ದರೆ ನಾವು ಕರ್ತವ್ಯಭ್ರಷ್ಟರಾಗುತ್ತೇವೆ.

ಆ ಪೇಟಿ ಯಾರದೆಂದು ಹೊಸ ಸದಸ್ಯರಿಗೆ ತಿಳಿಯದು. ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿನಲ್ಲಿ ಬಂದು, ಹೋಟೆಲಿನ ಮೋರಿಯಲ್ಲಿ ತಟ್ಟೆ ತೊಳೆದು, ಮುಂದೆ ಸಪ್ಲಾಯರ್ ಆಗಿ, ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಒಬ್ಬ ಸಂಗಾತಿಯದು ಅದು. ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುತ್ತಿದ್ದವನು ಅವನೇ. ಹೋಟೆಲಿಗೆ ಚಹಾ ಕುಡಿಯಲು ಬರುತ್ತಿದ್ದ ಸೀರಿಯಲ್ ಮಂದಿಯ ಪರಿಚಯವಾಗಿ, ಮುಂದೆ ಹಲವು ವರ್ಷ ಹಿಂದಿ ಧಾರಾವಾಹಿಗಳಿಗೆ ಕಂತು ಬರೆದುಕೊಟ್ಟ. ಪರದೆಯ ಮೇಲೆ ಒಮ್ಮೆಯೂ ಅವನ ಹೆಸರು ಬರಲಿಲ್ಲ. ಬರೆದವನು ಒಬ್ಬ, ಬರೆಯಿಸಿಕೊಂಡವನು ಒಬ್ಬ, ಹೆಸರು ಹಾಕಿಕೊಂಡವನು ಇನ್ನೊಬ್ಬ. ಅವನು ತೀರಿದ ಮೇಲೆ ಅವನ ಹೆಂಡತಿ ಈ ಪೇಟಿಯನ್ನು ಸಂಘಕ್ಕೆ ತಂದು, "ಇದರಲ್ಲಿ ಏನಿದೆ ಎಂದು ನನಗೆ ಓದಲು ಬಾರದು, ನೀವಾದರೂ ಇಟ್ಟುಕೊಳ್ಳಿ" ಎಂದು ಒಪ್ಪಿಸಿ ಹೋದರು. ನಾವು ಇಟ್ಟುಕೊಂಡೆವು; ಇಷ್ಟು ವರ್ಷ ಬಿಚ್ಚಿ ನೋಡಲಿಲ್ಲ. ಈಗ ಕಿಲೋ ಲೆಕ್ಕದಲ್ಲಿ ತೂಗಲು ಹೊರಟಿದ್ದೇವೆ!

ಸೀರಿಯಲ್ ಬರೆಯುವವನೆಂದರೆ ಯಾರು, ಅದೂ ಒಂದು ಕೆಲಸವೇ ಎಂಬುದು ಮೊದಲನೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಈ ಊರಿನಲ್ಲೇ ದುಡಿದು ಈ ಊರಿನಲ್ಲೇ ಮಡಿದ ಒಬ್ಬ ದೊಡ್ಡ ಬರಹಗಾರನ ಕಥೆ ಹೇಳುತ್ತೇವೆ.

1988ರ ಅಕ್ಟೋಬರ್ 2ನೇ ತಾರೀಕು ಭಾನುವಾರ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಪ್ರಾರಂಭವಾಯಿತು. 1990ರ ಜೂನ್ ತನಕ 94 ಕಂತುಗಳು ಬಂದವು. ಆ ಹೊತ್ತಿಗೆ ಹೋಟೆಲಿನಲ್ಲಿ ಗಿರಾಕಿ ಇರುತ್ತಿರಲಿಲ್ಲ, ಗಲ್ಲೆಯ ಮೇಲೆ ಕೂತ ಮಾಲಿಕನೂ ಕಣ್ಣು ಟಿ.ವಿ. ಕಡೆಗೇ ಇಟ್ಟಿರುತ್ತಿದ್ದ, ಭಟ್ಟಿಯ ಮುಂದಿನವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದೆವು. ಕಥೆ ಹೇಳುವ 'ಸಮಯ'ದ ಧ್ವನಿ ಕೇಳಿಬಂತೆಂದರೆ ಬೀದಿಯೇ ಸ್ತಬ್ಧ. ಶ್ರೀಕೃಷ್ಣನ ವೇಷ ಹಾಕಿದವನ ಹೆಸರು ನಮಗೆ ಗೊತ್ತು, ಭೀಷ್ಮನ ವೇಷ ಹಾಕಿದವನ ಹೆಸರು ಗೊತ್ತು. ಆದರೆ ಕೃಷ್ಣನೂ ಭೀಷ್ಮನೂ ಆಡಿದ ಮಾತನ್ನು ಬರೆದವನು ಯಾರು? ಕಾಲವನ್ನೇ ಕಥೆ ಹೇಳುವವನನ್ನಾಗಿ ಮಾಡಿ ನಿಲ್ಲಿಸಿದವನು ಯಾರು?

ಡಾ. ರಾಹಿ ಮಾಸೂಮ್ ರಝಾ. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಗಂಗೌಲಿ ಎಂಬ ಹಳ್ಳಿಯವರು. ಅಲಿಗಢದಲ್ಲಿ ಓದಿ ಡಾಕ್ಟರೇಟ್ ಪಡೆದು ಅಲ್ಲೇ ಉರ್ದು ಕಲಿಸಿದವರು. 1966ರಲ್ಲಿ ಬಂದ 'ಆಧಾ ಗಾಂವ್' ಎಂಬ ಕಾದಂಬರಿಯಿಂದ ಹಿಂದಿ ಸಾಹಿತ್ಯದಲ್ಲಿ ಹೆಸರಾದವರು. ಆ ದಶಕದ ಕೊನೆಗೆ ನಮ್ಮೆಲ್ಲರ ಹಾಗೆ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದರು. ಸಿನೇಮಾಗಳಿಗೆ ನೂರಾರು ಸಂಭಾಷಣೆ ಬರೆದರು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕ 1979ರ 'ಗೋಲ್‌ಮಾಲ್' ಚಿತ್ರದ ಮಾತುಗಳು ಅವರವೇ. 1992ರ ಮಾರ್ಚ್ 15ರಂದು ಇದೇ ಊರಿನಲ್ಲಿ ತೀರಿಕೊಂಡರು.

ಈ ಮನುಷ್ಯ ಎಂಥವರೆಂದು ತಿಳಿಯಬೇಕಾದರೆ ಅವರ ಯೌವನದ ಒಂದು ಪ್ರಸಂಗ ಕೇಳಿರಿ. ಗಾಜಿಪುರದ ಮುನಿಸಿಪಾಲಿಟಿಯ ಅಧ್ಯಕ್ಷತೆಗೆ ಚುನಾವಣೆ. ರಾಹಿಯವರ ತಂದೆ ಊರಿನ ದೊಡ್ಡ ವಕೀಲರು, ಕಾಂಗ್ರೆಸ್ಸಿನ ಹುರಿಯಾಳು. ಎದುರಿಗೆ ಕಮ್ಯುನಿಸ್ಟ್ ಪಕ್ಷದಿಂದ ನಿಂತವನು ಪಬ್ಬರ್ ರಾಮ್ ಎಂಬ ಬಡ ಕೂಲಿಕಾರ. ರಾಹಿಯವರೂ ಅವರ ಅಣ್ಣ ಮೂನಿಸ್ ರಝಾ ಅವರೂ ತಂದೆಯ ಮನೆ ಬಿಟ್ಟು ಹೊರಟು ಪಬ್ಬರ್ ರಾಮನ ಪರವಾಗಿ ಓಣಿ ಓಣಿ ತಿರುಗಿದರು. ಗೆದ್ದವನು ಪಬ್ಬರ್ ರಾಮ್! ಮಗ ತಂದೆಗೆ ಎದುರು ನಿಂತನೆಂದು ಬೈಯುವವರು ಬೈಯಲಿ. ದುಡಿಯುವವನ ಪಕ್ಷ ಯಾವುದೆಂದು ಆ ಮಗನಿಗೆ ಗೊತ್ತಿತ್ತು ಎಂದು ನಾವು ಹೇಳುತ್ತೇವೆ.

ಇಂಥವರು 'ಮಹಾಭಾರತ' ಬರೆಯುತ್ತಾರೆ ಎಂಬ ಸುದ್ದಿ ಹಬ್ಬಿದೊಡನೆ ಏನಾಯಿತು? ಮುಸಲ್ಮಾನನೊಬ್ಬ ನಮ್ಮ ಮಹಾಭಾರತ ಬರೆಯುವುದೆಂದರೇನು ಎಂದು ನಿರ್ಮಾಪಕರಿಗೆ ಪತ್ರಗಳು ಬಂದವು. ಮೊದಲು ಸಮಯವಿಲ್ಲವೆಂದು ಒಲ್ಲೆನೆಂದಿದ್ದ ರಾಹಿಯವರಿಗೆ ಚೋಪ್ರಾ ಆ ಪತ್ರಗಳನ್ನು ಕಳುಹಿಸಿದರಂತೆ. ಅವನ್ನು ಓದಿದ ಮೇಲೆಯೇ, ಇನ್ನು ಇದನ್ನು ಬರೆಯುವವನು ನಾನೇ, ನಾನೂ ಗಂಗೆಯ ಮಗ ಎಂದು ಅವರು ಪಣ ತೊಟ್ಟರಂತೆ. ಧಾರಾವಾಹಿ ಪ್ರಸಾರವಾದ ಮೇಲೆ ಮೆಚ್ಚುಗೆಯ ಕಾಗದಗಳು ರಾಶಿ ರಾಶಿ ಬಂದವು. ಬೈಗುಳದ ಕಾಗದಗಳ ಗುಪ್ಪೆ ಸಣ್ಣದಿತ್ತು. ಅವೆರಡನ್ನೂ ಅವರು ಬೇರೆ ಬೇರೆ ಇಟ್ಟಿದ್ದರೆಂದೂ, ಆ ಸಣ್ಣ ಗುಪ್ಪೆ ಹಿಂದೂಗಳದೂ ಮುಸಲ್ಮಾನರದೂ ಎರಡೂ ಕಡೆಯ ಬೈಗುಳದ್ದೆಂದೂ, ದೇಶದಲ್ಲಿ ಕೆಟ್ಟವರು ಎಷ್ಟು ಕಡಿಮೆ ಎಂಬುದಕ್ಕೆ ಅದೇ ಸಾಕ್ಷಿಯೆಂದು ಬಂದವರಿಗೆ ತೋರಿಸುತ್ತಿದ್ದರೆಂದೂ ಅವರನ್ನು ಬಲ್ಲವರು ಹೇಳುವುದುಂಟು.

ಬಂಧುಗಳೇ, ಈ ಪ್ರಸಂಗದ ತಿರುಳು ಎಲ್ಲಿದೆ? ಕಾಗದದಲ್ಲಿದೆ. ಬಾಯಿಮಾತಿನಲ್ಲಿ "ದೇಶವೆಲ್ಲ ಕೆಟ್ಟುಹೋಗಿದೆ" ಎನ್ನಬಹುದು, "ದೇಶವೆಲ್ಲ ಚೆನ್ನಾಗಿದೆ" ಎಂದೂ ಅನ್ನಬಹುದು. ಎರಡು ಗುಪ್ಪೆಗಳನ್ನು ಎದುರಿಗಿಟ್ಟು ತೋರಿಸುವವನ ಮಾತಿಗೆ ಎದುರಾಡುವುದು ಕಷ್ಟ. ಬರೆಯುವವನ ಪತ್ರ, ಕರಡು, ಹೊಡೆದುಹಾಕಿದ ಸಾಲು, ವೋಚರು ಇವೆಲ್ಲ ಅವನ ಕಾಲಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ರದ್ದಿಯ ತಕ್ಕಡಿಗೆ ಹಾಕಿದ ದಿನ ಯಾರು ಏನು ಬೇಕಾದರೂ ಹೇಳಿ ದಕ್ಕಿಸಿಕೊಳ್ಳಬಹುದು.

ಪರದೇಶದ ಒಂದು ದೃಷ್ಟಾಂತ ಹೇಳುತ್ತೇವೆ. ಅಮೇರಿಕೆಯಲ್ಲಿ ರಾಡ್ ಸರ್ಲಿಂಗ್ ಎಂಬ ಟಿ.ವಿ. ಬರಹಗಾರನಿದ್ದ, ಹುಟ್ಟಿದ್ದು 1924, ತೀರಿದ್ದು 1975. 1955ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕರಿಯ ಹುಡುಗನನ್ನು ಬಿಳಿಯರು ಕೊಂದರು. ಕೊಂದವರನ್ನು ಕೋರ್ಟು ಬಿಟ್ಟುಬಿಟ್ಟಿತು. ಇದರಿಂದ ನೊಂದು ಸರ್ಲಿಂಗ್ ಒಂದು ನಾಟಕ ಬರೆದ. ಆದರೆ ಆ ಕಾರ್ಯಕ್ರಮಕ್ಕೆ ಹಣ ಕೊಡುತ್ತಿದ್ದುದು ಒಂದು ದೊಡ್ಡ ಉಕ್ಕಿನ ಕಂಪೆನಿ. ದಕ್ಷಿಣದ ಬಿಳಿಯರು ಮುನಿಸಿಕೊಂಡಾರೆಂಬ ಭಯ ಹುಟ್ಟಿತು. ಕೊಲೆಯಾದವನು ಕರಿಯನಲ್ಲ ಎಂದಾಯಿತು. ಊರು ದಕ್ಷಿಣದ್ದಲ್ಲ, ಉತ್ತರದ್ದು ಎಂದಾಯಿತು. ಕೊನೆಗೆ ದಕ್ಷಿಣದ ನೆನಪು ಬರುತ್ತದೆಂದು ಕೋಕಾ ಕೋಲಾ ಬಾಟಲಿಯನ್ನು ಕೂಡ ತೆಗೆಯಿಸಿದರು! 1956ರಲ್ಲಿ ಪರದೆಯ ಮೇಲೆ ಬಂದದ್ದು ಹಲ್ಲು ಕಿತ್ತ ಹಾವು. ಆದರೆ ಸರ್ಲಿಂಗನ ಕಾಗದಪತ್ರಗಳು ಇಂದಿಗೂ ಉಳಿದಿವೆ: ವಿಸ್ಕಾನ್ಸಿನ್ ರಾಜ್ಯದ ಐತಿಹಾಸಿಕ ಸಂಸ್ಥೆಯಲ್ಲಿ ಒಂದು ಪಾಲು, ಇಥಾಕಾ ಕಾಲೇಜಿನಲ್ಲಿ ಇನ್ನೊಂದು ಪಾಲು. ಧಣಿಯ ದುಡ್ಡು ಬರಹಗಾರನ ಕೈಯನ್ನು ಹೇಗೆ ಹಿಡಿದು ತಿರುಚುತ್ತದೆಂಬುದನ್ನು ಹುಡುಕುವವನಿಗೆ ಅಲ್ಲಿ ದಾರಿ ತೆರೆದಿದೆ.

ನಮ್ಮ ಪೇಟಿಯಲ್ಲಿ ಏನಿದೆ? ಆ ಸಭೆಯಾದ ಮರುದಿನ, ರಾತ್ರಿಯ ಪಾಳಿ ಮುಗಿಸಿ ಬಂದ ಇಬ್ಬರು ಸದಸ್ಯರ ಜೊತೆ ಕೂತು ನಾವೇ ಬಿಚ್ಚಿ ನೋಡಿದೆವು. ಕಂತುಗಳ ಕರಡು ಇವೆ. "ಸಂಜೆಯೊಳಗೆ ಹನ್ನೆರಡು ಪುಟ ಕಳಿಸು" ಎಂಬ ಚೀಟಿಗಳಿವೆ. ಎಷ್ಟು ಪುಟಕ್ಕೆ ಎಷ್ಟು ರೂಪಾಯಿ ಬಂತು, ಎಷ್ಟು ಬರಬೇಕಾಗಿತ್ತು ಎಂದು ಹೋಟೆಲಿನ ಬಿಲ್ ಪುಸ್ತಕದ ಬೆನ್ನಿಗೆ ಬರೆದಿಟ್ಟ ಲೆಕ್ಕವಿದೆ. ಒಂದು ಕಂತಿನಲ್ಲಿ ಕ್ಯಾಂಟೀನಿನ ಹುಡುಗ ತನ್ನ ಮೂರು ತಿಂಗಳ ಪಗಾರ ಕೇಳುವ ಮಾತಿದೆ. ಅದರ ಮೇಲೆ ಬೇರೆ ಕೈಯಿಂದ ಕೆಂಪು ಗೆರೆ ಎಳೆದು, ಅಂಚಿನಲ್ಲಿ "ತೆಗೆ" ಎಂದು ಹಿಂದಿಯಲ್ಲಿ ಬರೆದಿದೆ. ಅಮೇರಿಕೆಯಲ್ಲಿ ಬಾಟಲಿ ಹೋಯಿತು, ಮುಂಬಯಿಯಲ್ಲಿ ಪಗಾರ ಹೋಯಿತು. ಕೆಂಪು ಗೆರೆ ಎಲ್ಲ ಊರಿನಲ್ಲಿಯೂ ಒಂದೇ.

ಇನ್ನೊಂದು ವಿಚಿತ್ರವನ್ನೂ ಹೇಳಲೇಬೇಕು. ಆ ಕರಡುಗಳ ಭಾಷೆ ಹಿಂದಿ. ಆದರೆ ಲಿಪಿ ಕನ್ನಡ! ರಾತ್ರಿಶಾಲೆಯಲ್ಲಿ ಅವನು ಕಲಿತ ಅಕ್ಷರ ಅದೇ ತಾನೇ? ಹಿಂದಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಕೂತವನಿಗೆ ಓದಿ ಹೇಳಿ, ಅವನ ಕೈಯಿಂದ ನಾಗರಿಯಲ್ಲಿ ಬರೆಯಿಸುತ್ತಿದ್ದ. ಹಿಂದಿಯವನಿಗೆ ಈ ಕಾಗದ ಓದಲಾಗದು. ಬೆಂಗಳೂರಿನವನಿಗೆ ಈ ಮುಂಬಯಿ ಹಿಂದಿ ಅರ್ಥವಾಗದು. ಇದನ್ನು ಓದಿ ತಿಳಿಯಬಲ್ಲವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಈ ಊರಿನ ಕನ್ನಡ ಹೋಟೆಲ್ ಕಾರ್ಮಿಕರು, ಗಿರಣಿ ಕಾರ್ಮಿಕರು. ನಾವೇ ಎಸೆದರೆ ಹೆಕ್ಕುವವರು ಯಾರು?

ಈಗ ನಮ್ಮ ಹಿರಿಯರ ಆಕ್ಷೇಪಣೆಗಳನ್ನು ಒಂದೊಂದಾಗಿ ವಿಚಾರಿಸೋಣ.

"ಸೀರಿಯಲ್ ಎಂದರೆ ಅತ್ತೆ ಸೊಸೆ ಜಗಳ, ಅದಕ್ಕೇನು ಬೆಲೆ?" ಎನ್ನುತ್ತಾರೆ. ಸ್ವಾಮಿ, ಇಡ್ಲಿ ಹುಳಿಯಾಯಿತೆಂದು ಅರೆಯುವ ಕಲ್ಲನ್ನು ಬೈಯುವುದೇ? ಮುಂಬಯಿಯ ಬೀದಿಯ ಮೂಲೆಯನ್ನೇ ಕಥೆ ಮಾಡಿದ 'ನುಕ್ಕಡ್' 1986ರಲ್ಲಿ ಬಂತು. ಪ್ರಬೋಧ್ ಜೋಶಿ ಬರೆದರು. ಕುಂದನ್ ಶಾ, ಸಯೀದ್ ಮಿರ್ಜಾ ನಿರ್ದೇಶಿಸಿದರು. ಅದರಲ್ಲಿ ಕಾದರ್ ಭಾಯಿಯ ಚಹಾದ ಹೋಟೆಲಿದೆ, ಸೈಕಲ್ ರಿಪೇರಿಯ ಹರಿ ಇದ್ದಾನೆ, ವಿದ್ಯುತ್ ಕೆಲಸದ ಗುರು ಇದ್ದಾನೆ. ನಮ್ಮ ಜೀವನವನ್ನು ನಮಗೆ ತೋರಿಸಿದ್ದು ಯಾವ ಮಹಾಕಾವ್ಯ? ರಾಹಿಯವರೇ ಬರೆದು 1991ರಲ್ಲಿ ಬಂದ 'ನೀಮ್ ಕಾ ಪೇಡ್' ನೋಡಿದವರು ನೆನಪಿಸಿಕೊಳ್ಳಿರಿ: ಜಮೀನುದಾರನ ಮನೆಯ ಜೀತದಾಳು ಬುಧಯಿ ತನ್ನ ಮಗ ಹುಟ್ಟಿದಾಗ ಒಂದು ಬೇವಿನ ಗಿಡ ನೆಡುತ್ತಾನೆ, ಗಿಡ ಬೆಳೆಯುತ್ತದೆ, ಸ್ವಾತಂತ್ರ್ಯ ಬರುತ್ತದೆ, ಬುಧಯಿಗೆ ಬಂದದ್ದೇನು ಎಂಬುದೇ ಕಥೆ. ಇದು ಜೊಳ್ಳು ಎನ್ನುವವರು ಕಾಳು ಯಾವುದೆಂದು ತೋರಿಸಲಿ.

"ಹಿಂದಿಯವರ ಕೆಲಸ, ಕನ್ನಡ ಸಂಘಕ್ಕೇನು ಸಂಬಂಧ?" ಎನ್ನುತ್ತಾರೆ. 'ಮಾಲ್ಗುಡಿ ಡೇಸ್' ನೋಡಿ ನಮ್ಮ ಎದೆ ಉಬ್ಬಲಿಲ್ಲವೇ? ಅದನ್ನು ತೆಗೆದ ಶಂಕರ್ ನಾಗ್ ಹೊನ್ನಾವರದ ಕಡೆಯ ಹುಡುಗ; ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವನು. ಚಿತ್ರಿಸಿದ ಊರು ಆಗುಂಬೆ. ಕಥೆಗಳು ಮೈಸೂರಿನ ಆರ್.ಕೆ. ನಾರಾಯಣರವು. ಹಿಂದಿ ಸಂಭಾಷಣೆ ಉಜ್ಜಯಿನಿಯಲ್ಲಿ ಹುಟ್ಟಿ 1991ರಲ್ಲಿ ಮುಂಬಯಿಯಲ್ಲಿ ತೀರಿದ ಶರದ್ ಜೋಶಿಯವರದು. ಕನ್ನಡ ಯಾವುದು, ಹಿಂದಿ ಯಾವುದು, ಮರಾಠಿ ಯಾವುದು, ಬೇರ್ಪಡಿಸಿ ಕೊಡಿರಿ ನೋಡೋಣ! ನಾಲ್ಕು ಭಾಷೆಯ ಕೈ ಸೇರಿ ಒಂದು ಕೆಲಸವಾಗುವುದು ಮುಂಬಯಿಯ ಧರ್ಮ. ನಮ್ಮ ಭಟ್ಟಿಯ ಮುಂದೆಯೂ ಹಾಗೆಯೇ, ಸಾಂಚೆಯ ಮುಂದೆಯೂ ಹಾಗೆಯೇ ಇತ್ತು.

"ಬರೆಯುವವನು ಕಾರ್ಮಿಕನಲ್ಲ, ಪೆನ್ನು ಹಿಡಿದವನು ಬಾಬು" ಎಂಬುದು ಮೂರನೆಯ ಮಾತು. ಇದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಮುಂಬಯಿಯ ಚಿತ್ರಕಥೆ ಬರೆಯುವವರ ಸಂಘ 1960ರಲ್ಲಿ ಟ್ರೇಡ್ ಯೂನಿಯನ್ ಕಾಯಿದೆಯ ಕೆಳಗೆ ನೋಂದಣಿಯಾದದ್ದು. ನಮ್ಮ ಹಾಗೆಯೇ ಒಂದು ಯೂನಿಯನ್. ಬರೆದದ್ದು ತಮ್ಮದೆಂದು ನಾಳೆ ತೋರಿಸಲಿಕ್ಕಾಗಿ ಬರಹಗಾರರು ಅಲ್ಲಿ ಹಸ್ತಪ್ರತಿಯನ್ನು ನೋಂದಾಯಿಸುತ್ತಾರೆ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿ ಬಂತು. ಸಿನೇಮಾ ಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಕಡೆಯಲ್ಲಿ ಕೃತಿಯನ್ನು ಬಳಸಿ ಹಣ ಮಾಡಿದರೆ ಅದರಲ್ಲಿ ಬರೆದವನಿಗೂ ಸಮಪಾಲು. ಆ ಪಾಲನ್ನು ಅವನು ಬಿಟ್ಟುಕೊಡುತ್ತೇನೆಂದು ರುಜು ಹಾಕಿದರೂ ನಡೆಯದು. ವಾರಸುದಾರರಿಗೋ ಹಕ್ಕುಗಳ ಸೊಸೈಟಿಗೋ ಮಾತ್ರ ಕೊಡಬಹುದು. ಎಂಥ ಗೆಲುವು! ಆದರೆ ಹಕ್ಕು ಕೇಳುವವನು ಮೊದಲು ತೋರಿಸಬೇಕಾದದ್ದು ಏನು? ತಾನೇ ಬರೆದೆನೆಂಬುದನ್ನು. ಕಾಗದವಿಲ್ಲದವನಿಗೆ ಕಾನೂನು ಇದ್ದೂ ಇಲ್ಲ.

2023ರಲ್ಲಿ ಅಮೇರಿಕೆಯ ಸುಮಾರು 11,500 ಸಿನೇಮಾ ಮತ್ತು ಟಿ.ವಿ. ಬರಹಗಾರರು 148 ದಿನ ಲೇಖನಿ ಕೆಳಗಿಟ್ಟು ಬೀದಿಗಿಳಿದರು. ಮರುಪ್ರಸಾರದ ಹಣದಲ್ಲಿ ಪಾಲು ಬೇಕು, ಯಂತ್ರದಿಂದ ಬರೆಯಿಸಿ ನಮ್ಮ ಅನ್ನ ಕೀಳಬಾರದು ಎಂಬುದು ಬೇಡಿಕೆ. ಬಹಳಷ್ಟನ್ನು ಗೆದ್ದು ಬಂದರು. ಮುಷ್ಕರ ಹೂಡುವವನು, ಮುಷ್ಕರದಲ್ಲಿ ಹಸಿಯುವವನು ಕಾರ್ಮಿಕನಲ್ಲದೆ ಮತ್ತೇನು?

ಮುಷ್ಕರದ ಮಾತು ಬಂದ ಮೇಲೆ ನಮ್ಮ ಗಿರಣಿಯ ಬಂಧುಗಳು 1982ರ ಜನವರಿ 18ನ್ನು ನೆನೆಯದೆ ಇರಲಾರರು. ಡಾ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆ ಹರತಾಳ ಮುಗಿಯಿತೆಂದು ಯಾರೂ ಸಾರಲಿಲ್ಲ; ಗಿರಣಿಗಳೇ ಮುಗಿದವು. ಚಿಮಣಿ ಇದ್ದಲ್ಲಿ ಗಾಜಿನ ಗೋಪುರ ಎದ್ದವು. ಮುಂದೆ ಗಿರಣಿ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂದಾಗ ಸರಕಾರ ಕೇಳಿದ್ದು ಏನು? 1982ರ ಜನವರಿ 1ರಂದೋ ಅನಂತರವೋ ನೀನು ಗಿರಣಿಯಲ್ಲಿದ್ದೆ ಎಂಬುದಕ್ಕೆ ಪುರಾವೆ ತೋರಿಸು ಎಂದು! ಟಿಕೆಟ್ ನಂಬರು ಎಲ್ಲಿ? ಹಜೇರಿ ಕಾರ್ಡು ಎಲ್ಲಿ? ಪ್ರಾವಿಡೆಂಟ್ ಫಂಡಿನ ಚೀಟಿ ಎಲ್ಲಿ? ಇಪ್ಪತ್ತು ವರ್ಷ ಬೆವರು ಸುರಿಸಿದವನ ಕೈಯನ್ನು ಯಾರೂ ನೋಡಲಿಲ್ಲ, ಕೈಯಲ್ಲಿರುವ ಕಾಗದವನ್ನು ನೋಡಿದರು. ಊರಿನ ಮನೆಯ ಅಟ್ಟದಲ್ಲಿ ಹೆಂಡತಿ ಗಂಟು ಕಟ್ಟಿ ಇಟ್ಟಿದ್ದ ಕಾರ್ಡು ಸಿಕ್ಕಿದವನು ಅರ್ಜಿ ಹಾಕಿದ. "ಗಿರಣಿಯೇ ಹೋಯಿತು, ಈ ಕಾರ್ಡು ಯಾಕೆ" ಎಂದು ಒಲೆಗೆ ಹಾಕಿದವನು ಕಚೇರಿಯಿಂದ ಕಚೇರಿಗೆ ಅಲೆದ. ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿ ಎರಡೂ ತರದವರಿದ್ದಾರೆ. ಅವರನ್ನು ಕೇಳಿರಿ, ಹಳೆಯ ಕಾಗದ ರದ್ದಿಯೇ ಎಂದು!

ಮಾಲಿಕರು ತಮ್ಮ ಕಾಗದವನ್ನು ಎಂದಾದರೂ ಎಸೆದಿದ್ದಾರೆಯೇ? ಜಾಗದ ದಸ್ತಾವೇಜು ತಿಜೋರಿಯಲ್ಲಿ, ಲೈಸೆನ್ಸು ಕನ್ನಡಿಯ ಚೌಕಟ್ಟಿನಲ್ಲಿ, ಅಪ್ಪನ ಫೋಟೋ ಗಲ್ಲೆಯ ಮೇಲೆ ಮಾಲೆಯೊಡನೆ! ಕಾಗದದ ಬೆಲೆ ಅವರಿಗೆ ಗೊತ್ತು. ಎಸೆಯುವವರು ನಾವು. ಅದರಿಂದಲೇ ಹೋಟೆಲ್ ಉದ್ಯಮದ ಚರಿತ್ರೆಯೆಂದರೆ ಮಾಲಿಕರ ಚರಿತ್ರೆಯಾಗಿದೆ. ಸಪ್ಲಾಯರನದು ಎಲ್ಲಿಯೂ ಇಲ್ಲ. ಗಿರಣಗಾಂವಿನ ಕಾರ್ಮಿಕರ ಕಥೆಯನ್ನು ನೀರಾ ಆಡಾರಕರ್, ಮೀನಾ ಮೆನನ್ ಎಂಬ ಇಬ್ಬರು ಮಹಿಳೆಯರು ನೂರು ಮಂದಿಯ ಬಾಯಿಂದ ಕೇಳಿ 2004ರಲ್ಲಿ ಪುಸ್ತಕ ಮಾಡಿದರು. ಅವರಿಗೆ ವಂದನೆಗಳು. ಆದರೆ ಹೇಳುವ ಬಾಯಿಗಳು ದಿನಕ್ಕೊಂದು ಮುಚ್ಚುತ್ತಿವೆ. ಬಾಯಿ ಮುಚ್ಚಿದ ಮೇಲೆ ಉಳಿಯುವುದು ಬರೆದಿಟ್ಟದ್ದು ಮಾತ್ರ.

"ಜಾಗವೆಲ್ಲಿದೆ?" ಎಂಬುದು ಕೊನೆಯ ಆಕ್ಷೇಪಣೆ, ಇದೊಂದು ಮಾತ್ರ ನ್ಯಾಯವಾದದ್ದು. ಹತ್ತು ಬೈ ಹತ್ತರ ಖೋಲಿಯಲ್ಲಿ ಎಂಟು ಮಂದಿ ಮಲಗಿ ಬಂದವರು ನಾವು. ಜಾಗದ ಕಷ್ಟ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ಕಟ್ಟಡದಲ್ಲಿ ಸಂಘಕ್ಕೆ ಎಷ್ಟು ಜಾಗ ಸಿಗುವುದೋ ಸಿಗದೋ. ಆದರೆ ಇಡಲು ಜಾಗವಿಲ್ಲವೆಂದರೆ ಇಡಬಲ್ಲವರಿಗೆ ಒಪ್ಪಿಸಬೇಕು, ತೂಗಿ ಮಾರುವುದಲ್ಲ. ಸಾಂತಾಕ್ರೂಜಿನ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಈ ಊರಿನ ಕನ್ನಡಿಗರ ಬರವಣಿಗೆಯ ಮೇಲೆ ಅಲ್ಲಿ ಅಭ್ಯಾಸ ನಡೆಯುತ್ತದೆ. ದಿಲ್ಲಿಯ ಪಕ್ಕದ ನೋಯ್ಡಾದಲ್ಲಿ ವಿ.ವಿ. ಗಿರಿಯವರ ಹೆಸರಿನ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ 1998ರಲ್ಲಿ ಕಾರ್ಮಿಕರ ಕಾಗದಪತ್ರಗಳನ್ನು ಕಾಪಾಡಲೆಂದೇ ಒಂದು ಸಂಗ್ರಹಾಲಯ ಸ್ಥಾಪನೆಯಾಗಿದೆ. ಬಾಗಿಲು ತಟ್ಟಿ ಕೇಳೋಣ. ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ.

ಆದುದರಿಂದ ಮುಂದಿನ ಸಭೆಯಲ್ಲಿ ನಾವು ಮಂಡಿಸುವ ಠರಾವು ಇಷ್ಟು: ಪೇಟಿಯನ್ನು ಮಾರಕೂಡದು. ಮೂರು ಮಂದಿ ಓದಬಲ್ಲ ಸದಸ್ಯರು ಕೂತು, ಪುಟಕ್ಕೆ ನಂಬರು ಹಾಕಿ, ಯಾವುದು ಕರಡು, ಯಾವುದು ಚೀಟಿ, ಯಾವುದು ಲೆಕ್ಕ ಎಂದು ಯಾದಿ ಮಾಡತಕ್ಕದ್ದು. ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಇದೆ. ಪುಟ ಪುಟದ ಫೋಟೋ ತೆಗೆದು ಎರಡು ಕಡೆ ಇಡತಕ್ಕದ್ದು. ಮೂಲ ಕಾಗದವನ್ನು ಅವನ ಹೆಂಡತಿಯ ಒಪ್ಪಿಗೆ ಪಡೆದು, ರಸೀದಿ ತೆಗೆದುಕೊಂಡು ಯೋಗ್ಯ ಸಂಸ್ಥೆಗೆ ಒಪ್ಪಿಸತಕ್ಕದ್ದು. ಕೊಡುವ ಮೊದಲು ಅವರನ್ನು ಸಂಘಕ್ಕೆ ಕರೆಯಿಸಿ, ಗಂಡ ಬರೆದದ್ದೇನೆಂದು ಒಂದು ದಿನವಾದರೂ ಓದಿ ಹೇಳತಕ್ಕದ್ದು. ಅಷ್ಟು ಸಾಲ ನಮ್ಮ ಮೇಲಿದೆ.

ಇನ್ನು ವಾಚಕರಲ್ಲಿ ಒಂದು ವಿನಂತಿ. ನಿಮ್ಮ ನಿಮ್ಮ ಪೆಟ್ಟಿಗೆಗಳನ್ನು ಬಿಚ್ಚಿರಿ. ಪಗಾರದ ಚೀಟಿ, ಗಿರಣಿಯ ಪಾಸು, ರಾತ್ರಿಶಾಲೆಯ ಪ್ರಗತಿಪತ್ರ, ವಾರ್ಷಿಕೋತ್ಸವದ ನಾಟಕದ ಪಾತ್ರದ ಹಾಳೆ, ಊರಿನಿಂದ ಬಂದ ಕಾಗದ, ಏನಿದ್ದರೂ ಸಭೆಯ ದಿನ ತನ್ನಿರಿ. ತೇವ ತಾಗದ ಹಾಗೆ ಒಣ ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಫೋಟೋ ತೆಗೆದು ನಿಮ್ಮದನ್ನು ನಿಮಗೇ ವಾಪಸು ಕೊಡುತ್ತೇವೆ.

2020ರಲ್ಲಿ ಊರೆಲ್ಲ ಬೀಗ ಹಾಕಿಕೊಂಡು ಕೂತಿದ್ದಾಗ 'ಮಹಾಭಾರತ' ಮತ್ತೆ ದೂರದರ್ಶನದಲ್ಲಿ ಬಂತು. ಮುಚ್ಚಿದ ಹೋಟೆಲುಗಳಲ್ಲಿ, ಊರಿಗೆ ಹೋಗಲಾರದೆ ಉಳಿದ ನಮ್ಮ ಹುಡುಗರು ಅದನ್ನು ನೋಡಿದರು. ಬರೆದವರು ತೀರಿ ಆಗಲೇ 28 ವರ್ಷವಾಗಿತ್ತು; ಮಾತು ಇನ್ನೂ ಕೆಲಸ ಮಾಡುತ್ತಿತ್ತು. ನಮ್ಮ ಸಂಗಾತಿಯ ಮಾತು ಪೇಟಿಯಲ್ಲಿದೆ. ಅವನ ಹೆಸರನ್ನು ಪರದೆಯ ಮೇಲೆ ಹಾಕಿಸುವುದು ನಮ್ಮಿಂದ ಆಗಲಿಲ್ಲ. ಒಂದು ಯಾದಿಯ ಮೇಲೆ ಬರೆಯುವುದಾದರೂ ನಮ್ಮ ಕೈಯಲ್ಲಿದೆ. ಸಭೆಗೆ ಬನ್ನಿರಿ, ಕೈ ಎತ್ತಿರಿ.